ಹೆಂಡತಿಯ ಬಂದರು ಅಳಿಸಿದ್ದು

ಸಂಸಾರದಲ್ಲಿ ಗಂಡಸಿಗೆ ಏನಿರಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮರ್ಯಾದೆ ಇರಬೇಕು ಎನ್ನುವವರು ಹೊಸದಾಗಿ ಮದುವೆಯಾದವರು. ಗತ್ತು ಇರಬೇಕು ಎನ್ನುವವರು ಇನ್ನೂ ಮದುವೆಯೇ ಆಗದವರು. ನನ್ನ ಹಾಗೆ ಸಂಸಾರದಲ್ಲಿ ಚೆನ್ನಾಗಿ ನೆನೆದು, ಹಿಂಡಿಸಿಕೊಂಡು, ಒಣಗಿದವನನ್ನು ಕೇಳಿ. ಸಂಜೆ ಒಂದು ಗಂಟೆ ಹೊತ್ತು ಸೋಫಾದ ಮೇಲೆ ಕಾಲು ಚಾಚಿ, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, ಯಾರ ಕೈಯಲ್ಲೂ ‘ರೀ’ ಅನ್ನಿಸಿಕೊಳ್ಳದೆ ಬಿದ್ದುಕೊಂಡಿರುವ ಹಕ್ಕು ಬೇಕು. ಅದೊಂದಿದ್ದರೆ ಮಿಕ್ಕ ಹಕ್ಕುಗಳನ್ನೆಲ್ಲ ಬಿಟ್ಟುಕೊಡಬಹುದು. ನಾನು ಬಿಟ್ಟುಕೊಟ್ಟೂ ಆಗಿತ್ತು.

ಆ ಒಂದು ಗಂಟೆಯನ್ನು ನನಗೆ ದಯಪಾಲಿಸಿದ್ದು ಒಂದು ವಿಡಿಯೊ ಗೇಮ್. ಮಗಳು ಹಾಸ್ಟೆಲ್ಲಿಗೆ ಹೊರಟಾಗ ತನ್ನ ಆಟದ ಪೆಟ್ಟಿಗೆಯನ್ನು ಟಿವಿಯ ಕೆಳಗೆ ಬಿಟ್ಟುಹೋಗಿದ್ದಳು. ನನ್ನ ಹೆಂಡತಿ ಅದರ ಧೂಳು ಒರೆಸುತ್ತಿದ್ದಳು. ಹೀಗೆ ಒರೆಸುವಾಗ ಒಂದು ದಿನ ಯಾವುದೋ ಗುಂಡಿ ಒತ್ತಿಹೋಗಿ, ಟಿವಿಯಲ್ಲಿ ಆಟಗಳ ಆನ್‌ಲೈನ್ ಅಂಗಡಿ ತೆರೆದುಕೊಂಡಿತು. ಅಂಗಡಿ ತೆರೆದಿದ್ದರೆ ಒಳಗೆ ಹೋಗದೆ ಬರುವವಳಲ್ಲ ಅವಳು. ಹೋದರೆ ಬರಿಗೈಯಲ್ಲಿ ಬರುವವಳೂ ಅಲ್ಲ. ಬರುವಾಗ ‘ಪುಟ್ಟ ಬಂದರು’ ಎಂಬ ಆಟವನ್ನು ಕೊಂಡು ತಂದಳು. (ತಂದಳು ಎಂದರೆ ಚೀಲದಲ್ಲಿ ಹಾಕಿಕೊಂಡಲ್ಲ. ಅದು ಗಾಳಿಯಲ್ಲಿ ಬಂದು ಪೆಟ್ಟಿಗೆಯೊಳಗೆ ಕೂತಿತು. ಗಾಳಿಯಲ್ಲಿ ಬಂದದ್ದು ಗಾಳಿಯಲ್ಲೇ ಹೋಗುತ್ತದೆ ಎಂದು ಆಗ ನಮಗೆ ಯಾರೂ ಹೇಳಲಿಲ್ಲ.)

ಆಟ ಬಹಳ ಸಾಧು. ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಒಂದು ಕಲ್ಲಿನ ದಂಡೆ, ದೋಣಿ ಕಟ್ಟಲು ನಾಲ್ಕು ಮರದ ಕಟ್ಟೆಗಳು. ದೋಣಿಗಳು ಬರುತ್ತವೆ. ಬಂದರಿನ ಅಧಿಕಾರಿಣಿಯಾದ ನನ್ನ ಹೆಂಡತಿ ಯಾವ ದೋಣಿ ಎಲ್ಲಿ ನಿಲ್ಲಬೇಕು, ಯಾವ ಸರಕು ಮೊದಲು ಇಳಿಯಬೇಕು, ಯಾವ ನಾವಿಕನಿಗೆ ಬಿಸಿ ಸೂಪು ಕೊಡಬೇಕು ಎಂದು ತೀರ್ಮಾನಿಸಬೇಕು. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರು.

“ಬೆಳಗ್ಗೆಯಿಂದ ‘ಸಾಲಾಗಿ ನಿಂತ್ಕೊಳ್ರೋ’ ಅಂತ ಗಂಟಲು ಹರ್ಕೋತೀನಿ. ಒಬ್ರೂ ನಿಲ್ಲಲ್ಲ. ಇಲ್ಲಿ ನೋಡಿ, ದೋಣಿಗಳು ಎಷ್ಟು ಚೆನ್ನಾಗಿ ನಿಲ್ತಾವೆ!” ಎನ್ನುತ್ತಿದ್ದಳು. ಪೇಪರಿನ ಹಿಂದಿನಿಂದ ನಾನು “ಹೂಂ” ಎನ್ನುತ್ತಿದ್ದೆ. ಇಷ್ಟು ಸುಖಿ ಗಂಡ ಹೆಂಡತಿ ನಮ್ಮ ಬೀದಿಯಲ್ಲಿ ಬೇರೆ ಇರಲಿಲ್ಲ.

ಸುಖವಾಗಿರುವವನಿಗೆ ಬುದ್ಧಿ ಸುಮ್ಮನಿರುವುದಿಲ್ಲ. ನಾನು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ದೂರುಗಳ ವಿಭಾಗದಲ್ಲಿ ಕೆಲಸ ಮಾಡುವವನು. ಪಕ್ಕದ ಮೇಜಿನವನು ಒಂದು ಯುದ್ಧದ ಆಟವನ್ನು ಹೊಗಳಿದ್ದೇ ಹೊಗಳಿದ್ದು. “ನೀವು ಆಡಿ ನೋಡಿ ಸಾರ್, ರಕ್ತ ಕುದಿಯುತ್ತೆ” ಎಂದ. ದೂರುದಾರರ ಫೋನುಗಳಿಂದ ತಣ್ಣಗಾಗಿದ್ದ ನನ್ನ ರಕ್ತವನ್ನು ಒಮ್ಮೆ ಕುದಿಸಿ ನೋಡೋಣ ಎನಿಸಿತು. ಒಂದು ದಿನ ಆಫೀಸಿನಿಂದ ಬೇಗ ಬಂದು, ಹೆಂಡತಿ ಶಾಲೆಯಲ್ಲಿದ್ದ ಹೊತ್ತು ನೋಡಿ ಆಟವನ್ನು ಕೊಂಡೆ. ‘ಜಾಗ ಸಾಲದು, ಏನನ್ನಾದರೂ ಅಳಿಸಿ’ ಎಂದಿತು ಪೆಟ್ಟಿಗೆ.

ಏನಿದೆ ಅಳಿಸಲು? ಮಗಳ ಆಟಗಳನ್ನು ಮುಟ್ಟಿದರೆ ಹಾಸ್ಟೆಲ್ಲಿನಿಂದ ಫೋನು ಬರುತ್ತದೆ. ಉಳಿದದ್ದು ಪುಟ್ಟ ಬಂದರು. ನಾನು ಹೀಗೆ ತರ್ಕಿಸಿದೆ: ದುಡ್ಡು ಕೊಟ್ಟು ಕೊಂಡ ಆಟ, ಅಂಗಡಿ ಎಲ್ಲೂ ಓಡಿಹೋಗುವುದಿಲ್ಲ, ಈಗ ಅಳಿಸಿ, ಯುದ್ಧ ಮುಗಿಸಿ, ಅವಳು ಬರುವುದರೊಳಗೆ ಮತ್ತೆ ಇಳಿಸಿಕೊಂಡರೆ ಆಯಿತು. ಗುಂಡಿ ಒತ್ತುವ ಮುಂಚೆ ಪೆಟ್ಟಿಗೆ ಏನೋ ಉದ್ದದ ಎಚ್ಚರಿಕೆ ತೋರಿಸಿತು. ಉದ್ದದ್ದನ್ನು ಓದದೆ ‘ಸರಿ’ ಎನ್ನುವುದು ನನಗೆ ಮದುವೆಯಾದಾಗಿನಿಂದ ಅಭ್ಯಾಸ. ‘ಸರಿ’ ಒತ್ತಿದೆ.

ಯುದ್ಧದ ವಿಚಾರ ಹೆಚ್ಚು ಹೇಳುವುದಿಲ್ಲ. ವಿಮಾನದಿಂದ ಇಳಿದೆ, ಸತ್ತೆ. ಮತ್ತೆ ಇಳಿದೆ, ಇಳಿಯುತ್ತಿದ್ದಾಗಲೇ ಸತ್ತೆ. ರಕ್ತ ಕುದಿಯುವುದಕ್ಕೆ ಮೊದಲೇ ಚೆಲ್ಲಿಹೋಗುತ್ತಿತ್ತು. ಸಾಕಾಗಿ ಯುದ್ಧವನ್ನು ಕಿತ್ತೆಸೆದು, ಬಂದರನ್ನು ಇಳಿಸಿಕೊಳ್ಳಲು ಅಂಗಡಿಗೆ ಹೋದರೆ, ಬಂದರೇ ಇಲ್ಲ. ಹುಡುಕಿದರೆ ‘ಈ ಹೆಸರಿನ ವಸ್ತು ನಮ್ಮಲ್ಲಿಲ್ಲ’ ಎನ್ನುತ್ತದೆ. ಅಷ್ಟರಲ್ಲಿ ಬಾಗಿಲು ಸದ್ದಾಯಿತು.

“ಏನ್ರೀ, ಇಷ್ಟು ಬೇಗ ಬಂದ್ಬಿಟ್ಟಿದೀರಿ? ಸರೀರಿ ಆ ಕಡೆ, ನನ್ನ ದೋಣಿಗಳು ಕಾಯ್ತಿರ್ತಾವೆ.”

“ದೋಣಿಗಳು… ಸ್ವಲ್ಪ ಹೊರಗಡೆ ಹೋಗಿವೆ.”

“ಎಲ್ಲಿಗೆ?”

ಗಣಿತದವರ ಮುಂದೆ ಸುಳ್ಳು ಹೇಳುವಾಗ ಹಂತ ತಪ್ಪಬಾರದು. ನಾನು ಮೊದಲ ಹಂತದಲ್ಲೇ ತಪ್ಪಿದೆ. ಅವಳು ಕಂಟ್ರೋಲರನ್ನು ನನ್ನ ಕೈಯಿಂದ ತೆಗೆದುಕೊಂಡು, ಅಲ್ಲಿ ಒತ್ತಿ ಇಲ್ಲಿ ಒತ್ತಿ, ಎರಡೇ ನಿಮಿಷದಲ್ಲಿ ಉತ್ತರಕ್ಕೆ ಬಂದಳು.

“ಅಳಿಸಿದೀರಿ.”

“ಇಳಿಸ್ಕೊಡ್ತೀನಿ ಕಣೇ, ಅದರಲ್ಲೇನಿದೆ? ನಾವು ಕೊಂಡಿರೋದು.”

“ಅಂಗಡಿಯಿಂದಾನೇ ತೆಗೆದಿದಾರೆ ರೀ. ಹೋದ ತಿಂಗಳಿಂದ ಹೇಳ್ತಾನೇ ಇತ್ತು. ಆಟ ಮಾಡಿದ ಕಂಪನಿ ಮುಚ್ಚಿಹೋಯ್ತಂತೆ. ಪೆಟ್ಟಿಗೇಲಿ ಇರೋರಿಗೆ ಇರುತ್ತೆ, ಅಳಿಸಿದ್ರೆ ಮತ್ತೆ ಸಿಗಲ್ಲ ಅಂತ. ಅದಕ್ಕೇ ನಾನು ಒರೆಸೋದನ್ನೂ ಬಿಟ್ಟಿದ್ದೆ.”

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಬರಿಯ ಟಿವಿಯನ್ನು ನೋಡುತ್ತ ಕೂತಳು. ಆಮೇಲೆ ನಿಧಾನವಾಗಿ ಹೇಳಿದಳು: “ಕೊನೇ ಕಟ್ಟೆ ಹತ್ರ ಒಂದು ಬೆಂಚ್ ಹಾಕಿಸಿದ್ದೆ. ಆ ಕುಂಟ ನಾವಿಕ ಬಂದು ಕೂರ್ತಿದ್ದ. ಈಗ ಎಲ್ಲಿ ಕೂತಿದಾನೋ.”

ಎಲ್ಲೂ ಕೂತಿಲ್ಲ, ಅವನು ಇಲ್ಲವೇ ಇಲ್ಲ ಎಂದು ಸಮಾಧಾನ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಜೀವನದಲ್ಲಿ ಸಕಾಲಕ್ಕೆ ಬಾಯಿ ಮುಚ್ಚಿಕೊಂಡ ಕೆಲವೇ ಸಂದರ್ಭಗಳಲ್ಲಿ ಅದೊಂದು.

ಇಲ್ಲಿಗೆ ಮುಗಿದಿದ್ದರೆ ನಾನು ನಿಮ್ಮನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳುತ್ತಿರಲಿಲ್ಲ. ಮಾರನೆಯ ದಿನ ನಾನು ಸೋಫಾದ ಮೇಲೆ ಕಾಲು ಚಾಚಿ ಪೇಪರು ಬಿಡಿಸಿದೆ. ಪೇಪರಿನ ಮೇಲಂಚಿನಲ್ಲಿ ಎರಡು ಕಣ್ಣುಗಳು ಕಂಡವು.

“ಕಾಲು ಚಾಚ್ಕೊಂಡು ಕೂತ್ರೆ ಮಂಡಿ ಹಿಡ್ಕೊಳ್ಳುತ್ತೆ. ಏಳಿ, ಅಟ್ಟ ಸರಿ ಮಾಡೋಣ.”

ಆಗ ನನಗೆ ಭಯಂಕರವಾದ ಸತ್ಯ ಹೊಳೆಯಿತು. ದಿನಾ ಸಂಜೆ ಒಂದು ಗಂಟೆ ಕಾಲ ಒಂದು ಇಡೀ ಬಂದರನ್ನು ನಡೆಸುತ್ತಿದ್ದ ಆಡಳಿತ ಸಾಮರ್ಥ್ಯ ಈಗ ನಿರುದ್ಯೋಗಿಯಾಗಿತ್ತು. ಅದರ ಮುಂದೆ ಇದ್ದದ್ದು ನಾನೊಬ್ಬನೇ. ಅಂದರೆ ಇನ್ನು ಮೇಲೆ ಬಂದರು ನಾನೇ, ದೋಣಿ ನಾನೇ, ಸರಕೂ ನಾನೇ.

ಅಟ್ಟವಾಯಿತು. ನನ್ನ ಶರಟುಗಳನ್ನು ಬಣ್ಣದ ಪ್ರಕಾರ ಜೋಡಿಸಿದ್ದಾಯಿತು. ಬೀದಿಯನ್ನು ಮೂರು ಸುತ್ತು ನಡೆಸಿದ್ದಾಯಿತು. “ನಿಮ್ಮ ತಲೆಗೆ ತುಕ್ಕು ಹಿಡಿದಿದೆ” ಎಂದು ಒಂಬತ್ತನೇ ತರಗತಿಯ ಬೀಜಗಣಿತ ಬಿಡಿಸಲು ಕೊಟ್ಟಳು. ತಪ್ಪು ಮಾಡಿದರೆ ಬಿಸಿ ಸೂಪೂ ಇಲ್ಲ. ನನ್ನ ಮಲಗುವ ಭಂಗಿ ಸರಿಯಿಲ್ಲವೆಂದು ದಿಂಬು ಬದಲಾಯಿತು. ಸ್ವಂತ ಮನೆಯಲ್ಲಿ ಲಂಗರು ಹಾಕಲು ಜಾಗವಿಲ್ಲದೆ ತೇಲಾಡುವ ದೋಣಿಯಾದೆ. ಹೇಗಾದರೂ ಮಾಡಿ ಆ ಆಟವನ್ನು ಮರಳಿ ತರಲೇಬೇಕು, ನನ್ನ ಒಂದು ಗಂಟೆಯನ್ನು ಉಳಿಸಿಕೊಳ್ಳಲೇಬೇಕು ಎಂದು ಪಣ ತೊಟ್ಟೆ.

ಮನೆಯಲ್ಲಿ ಮಾತಾಡುವಂತಿಲ್ಲ. ಆಫೀಸಿನಲ್ಲಿ ಹಳೆಯ ಮೀಟರುಗಳನ್ನು ರಾಶಿ ಹಾಕಿರುವ ಸ್ಟೋರ್ ರೂಮಿಗೆ ಹೋಗಿ, ಆನ್‌ಲೈನ್ ಅಂಗಡಿಯವರ ಸಹಾಯವಾಣಿಗೆ ಫೋನು ಮಾಡಿದೆ.

“ನೀವು ಕೊಂಡಿದ್ದು ಆಟ ಅಲ್ಲ ಸರ್. ಆಡೋದಕ್ಕೆ ಅನುಮತಿ” ಎಂದಿತು ಬಹಳ ವಿನಯದ ಒಂದು ಹೆಣ್ಣು ದನಿ.

“ಸರಿ, ಅನುಮತಿ ಇದೆಯಲ್ಲ. ಆಟ ಕೊಡಿ.”

“ಅನುಮತಿ ಇದೆ ಸರ್, ಆಟ ಇಲ್ಲ.”

“ಆಟ ಇಲ್ಲದೆ ಅನುಮತಿ ಇಟ್ಕೊಂಡು ನಾನೇನು ಮಾಡ್ಲಿ?”

“ಅದನ್ನ ನೀವು ಎಷ್ಟು ದಿನ ಬೇಕಾದ್ರೂ ಇಟ್ಕೋಬಹುದು ಸರ್.”

(ಯೋಚಿಸಿ ನೋಡಿದರೆ ನಮ್ಮ ಮನೆಯಲ್ಲಿ ನನ್ನ ಅಭಿಪ್ರಾಯದ ಸ್ಥಿತಿಯೂ ಇದೇ. ಹೇಳಲು ಪೂರ್ತಿ ಅನುಮತಿ ಇದೆ.)

“ಅಮ್ಮಾ, ಹಾಗನ್ಬೇಡಿ, ಹೇಗಾದ್ರೂ ಮಾಡಿ ಪುಟ್ಟ ಬಂದರು ಕೊಡಿಸಿ, ನನ್ನ ಸಂಸಾರ ಉಳಿಸಿ” ಎಂದು ಗೋಗರೆಯುತ್ತಿದ್ದಾಗ ಮೀಟರುಗಳ ರಾಶಿಯ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ನಮ್ಮ ಮೇಲ್ವಿಚಾರಕಿ. ಗೋಡೆಯ ಗಡಿಯಾರವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, ಎಷ್ಟು ಹೊತ್ತು ಸೋರಿಕೆಯಾಗಿದೆ ಎಂದು ಕಣ್ಣಲ್ಲೇ ಲೆಕ್ಕ ಹಾಕುವ ಆಕೆಗೆ ನಾವೆಲ್ಲ ಇಟ್ಟ ಹೆಸರು ‘ಮೀಟರ್ ಮೇಡಂ’.

ಇಲ್ಲಿ ನನ್ನ ಬದುಕಿನ ಒಂದು ರಾಜ್ಯ ರಹಸ್ಯವನ್ನು ನಿಮಗೆ ಹೇಳದೆ ವಿಧಿಯಿಲ್ಲ. ಆಫೀಸಿನಿಂದ ಬೇಗ ಹೊರಡಬೇಕಾದಾಗಲೆಲ್ಲ ನನ್ನ ಹೆಂಡತಿಗೆ ಬೆನ್ನು ಹಿಡಿದುಕೊಳ್ಳುತ್ತಿತ್ತು. ಮನೆಯಿಂದ ತಪ್ಪಿಸಿಕೊಳ್ಳಬೇಕಾದಾಗಲೆಲ್ಲ ಮೀಟರ್ ಮೇಡಂ ನನ್ನನ್ನು ಹಿಡಿದುಕೊಳ್ಳುತ್ತಿದ್ದರು. ಮೇಡಂ ಪಾಲಿಗೆ ನನ್ನ ಹೆಂಡತಿ ಹಾಸಿಗೆ ಬಿಟ್ಟೇಳದ ರೋಗಿ. ಹೆಂಡತಿಯ ಪಾಲಿಗೆ ಮೇಡಂ ಶನಿವಾರವೂ ಬಿಡದೆ ದುಡಿಸುವ ರಾಕ್ಷಸಿ. (ಶನಿವಾರ ನಮಗೆ ರಜೆ. ನಾನು ಸಾರ್ವಜನಿಕ ವಾಚನಾಲಯದ ಮೂಲೆಯಲ್ಲಿ ನಿದ್ದೆ ಮಾಡುತ್ತಿದ್ದೆ.) ಈ ಎರಡು ಮಹಾಶಕ್ತಿಗಳು ಎಂದೂ ಭೇಟಿಯಾಗಬಾರದು ಎಂಬ ಒಂದೇ ತತ್ತ್ವದ ಮೇಲೆ ನನ್ನ ನೆಮ್ಮದಿ ನಿಂತಿತ್ತು.

“ಏನ್ರೀ ಅದು ಪುಟ್ಟ ಬಂದರು?” ಎಂದರು ಮೇಡಂ.

“ಏನಿಲ್ಲ ಮೇಡಂ… ಮನೆಯವಳ ಒಂದು ಆಟ… ತಪ್ಪಿ ಅಳಿಸಿಬಿಟ್ಟೆ…”

ಮೇಡಂ ಬಾಗಿಲು ಮುಂದೆ ಮಾಡಿದರು. ಮೆಮೊ ಗ್ಯಾರಂಟಿ ಎಂದುಕೊಂಡೆ. ಅವರು ದನಿ ತಗ್ಗಿಸಿ ಕೇಳಿದರು: “ಅವರು ಉತ್ತರದ ಕಟ್ಟೆ ಕಟ್ಟಿದ್ರಾ?”

“ಆಂ?”

“ಉತ್ತರದ ಕಟ್ಟೆ ಕಣ್ರೀ! ನಂದು ಅಲ್ಲೇ ನಿಂತ್ಹೋಗಿದೆ. ದೊಡ್ಡ ಹಡಗು ಬರ್ಬೇಕಾದ್ರೆ ಇಬ್ಬರು ಬೇಕು, ಒಬ್ಬರು ಹಗ್ಗ, ಒಬ್ಬರು ಚುಕ್ಕಾಣಿ. ಒಂದೇ ರೂಮಲ್ಲಿ ಕೂತು ಆಡ್ಬೇಕು. ನಮ್ಮನೇಲಿ ನಾನೊಬ್ಬಳೇ.” ಆ ಮುಖದಲ್ಲಿ ಗಡಿಯಾರವಿಲ್ಲದ ಒಂದು ಕಳೆಯನ್ನು ನಾನು ಕಂಡದ್ದು ಅದೇ ಮೊದಲು. “ಪಾಪ, ಆ ಬೆನ್ನು ಇಟ್ಕೊಂಡು ಬಂದರು ನಡೆಸ್ತಿದ್ರಾ! ಅಂಥೋರ ಆಟ ಅಳಿಸಿದೀರಲ್ರೀ. ಮನುಷ್ಯರಾ ನೀವು?”

ನನಗೆ ಕತ್ತಲಲ್ಲಿ ದೀಪ ಕಂಡಂತಾಯಿತು. “ಮೇಡಂ, ನಿಮ್ಮ ಪೆಟ್ಟಿಗೇನ ಒಂದು ವಾರ ಕೊಟ್ಟು ಕಳಿಸಿದ್ರೆ…”

“ಕೊಟ್ಟು ಕಳಿಸೋದಾ? ಅಂಗಡೀಲಿ ಇಲ್ಲ, ಕಂಪನೀನೇ ಇಲ್ಲ. ಇನ್ನೊಂದು ಪೆಟ್ಟಿಗೆಗೆ ಹಾಕೋಕೂ ಬರಲ್ಲ. ಒಂದು ಬಂದರು ಮುಳುಗಿಸಿದ ಕೈಗೆ ಇನ್ನೊಂದು ಕೊಡ್ಲಾ? ಪೆಟ್ಟಿಗೆ ಬಂದ್ರೆ ಅದರ ಜೊತೆ ನಾನೂ ಬರ್ತೀನಿ. ನಾಳೆ ಸಂಜೆ.”

ಬೇಡವೆನ್ನಲು ಹೋದೆ. ಆದರೆ ಕಣ್ಣ ಮುಂದೆ ಬೀಜಗಣಿತ ಕುಣಿಯಿತು. ಒಪ್ಪಿಕೊಂಡೆ.

ಮನೆಗೆ ಹೋಗಿ ವಿಷಯ ಹೇಳಿದಾಗ ಹೆಂಡತಿ ಮೊದಲು ಕುಣಿದಾಡಿದಳು, ಆಮೇಲೆ ಸೊಂಟದ ಮೇಲೆ ಕೈಯಿಟ್ಟಳು. “ಶನಿವಾರಾನೂ ಬಿಡದೆ ನಿಮ್ಮನ್ನ ಅರೆಯೋ ಆ ಹೆಂಗಸಾ? ಬರ್ಲಿ, ನಾಲ್ಕು ಮಾತು ಕೇಳ್ತೀನಿ.”

“ಅಯ್ಯೋ, ಆಫೀಸಿನ ಸುದ್ದಿ ಎತ್ತಲೇಬೇಡ! ಆ ಮಾತು ಬಂದ್ರೆ ಅವರಿಗೆ ಬಿ.ಪಿ. ಏರುತ್ತೆ. ಪೆಟ್ಟಿಗೆ ಎತ್ಕೊಂಡು ಹೋಗ್ಬಿಡ್ತಾರೆ.” ಆಫೀಸಿನಲ್ಲಿ ಮೇಡಂಗೂ ಇಂಥದೇ ಮದ್ದು ಅರೆದೆ: “ಅವಳ ಮುಂದೆ ಬೆನ್ನಿನ ಮಾತು ಆಡಬೇಡಿ ಮೇಡಂ. ನೆನಪಾದ್ರೆ ನೋವು ಜಾಸ್ತಿ ಆಗುತ್ತೆ.” ಇಬ್ಬರ ಬಾಯಿಗೂ ಬೀಗ ಹಾಕಿ ಕೀಲಿಯನ್ನು ನನ್ನ ಜೇಬಿನಲ್ಲಿಟ್ಟುಕೊಂಡ ನನ್ನ ರಾಜತಾಂತ್ರಿಕ ಚಾತುರ್ಯಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮಾರನೆಯ ಸಂಜೆ ಮೇಡಂ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವಚಿಕೊಂಡು ಬಂದರು. ಇನ್ನೊಂದು ಕೈಯಲ್ಲಿ ರೋಗಿಗೆಂದು ಕಿತ್ತಳೆ ಹಣ್ಣು. ನಾನು ಬಾಗಿಲು ತೆರೆದೆ. ನನ್ನ ಹೆಂಡತಿ ಆಗ, ಇಬ್ಬರಿಗೆ ಕೂರಲು ಅನುಕೂಲವಾಗಲಿ ಎಂದು, ಮೂರು ಜನ ಕೂರುವ ಸೋಫಾವನ್ನು ಒಬ್ಬಳೇ ಒಂದು ತುದಿಯಿಂದ ಎತ್ತಿ ತಿರುಗಿಸುತ್ತಿದ್ದಳು.

ಮೇಡಂ ಸೋಫಾ ನೋಡಿದರು. ಬೆನ್ನು ನೋಡಿದರು. ನನ್ನನ್ನು ನೋಡಿದರು.

“ಇವತ್ತು… ಸ್ವಲ್ಪ ಪರವಾಗಿಲ್ಲ” ಎಂದೆ.

“ಬನ್ನಿ, ಬನ್ನಿ” ಎಂದಳು ಹೆಂಡತಿ, ರಾಕ್ಷಸಿಗೆ ಕೋರೆಹಲ್ಲು ಇದೆಯೇ ಎಂದು ಹುಡುಕುತ್ತ.

ಮೊದಲು ಇಬ್ಬರೂ ಬಿಗಿಯಾಗಿ ಕೂತರು. ಟಿವಿಯಲ್ಲಿ ಬಂದರು ತೆರೆದುಕೊಂಡಿತು. ಅಲೆಗಳ ಸದ್ದು, ಹಕ್ಕಿಗಳ ಕೂಗು. ನನ್ನ ಹೆಂಡತಿ ಮುಂದಕ್ಕೆ ಬಾಗಿ ಬಹಳ ಹೊತ್ತು ನೋಡಿದಳು.

“ನಿಮ್ಮದು ಬೇರೆ ಥರ ಇದೆ. ನನ್ನದರಲ್ಲಿ ಇಲ್ಲಿ ಬೆಂಚ್ ಇತ್ತು.”

“ಹಾಕಿ ಮತ್ತೆ. ಆ ಕಡೆ ದಂಡೆ ಪೂರ್ತಿ ಖಾಲಿ ಇದೆ, ನೀವೇ ಇಟ್ಕೊಳ್ಳಿ” ಎಂದರು ಮೇಡಂ. ಒಂದು ದಿನದ ರಜೆ ಕೊಡಲು ಒಂದು ವಾರ ಯೋಚಿಸುವ ಹೆಂಗಸು ಅರ್ಧ ಬಂದರನ್ನು ನಿಂತ ನಿಲುವಿನಲ್ಲಿ ಬರೆದುಕೊಟ್ಟದ್ದನ್ನು ನಾನು ಕಣ್ಣಾರೆ ಕಂಡೆ.

ಬೆಂಚು ಬಂತು. ಕುಂಟ ನಾವಿಕ ಎಲ್ಲಿಂದಲೋ ಬಂದು ಅದರ ಮೇಲೆ ಕೂತ. ನನ್ನ ಹೆಂಡತಿ ಮೂಗು ಒರೆಸಿಕೊಂಡಳು. ಮೇಡಂ ಕಿತ್ತಳೆ ಸುಲಿದು ಕೊಟ್ಟರು. ಆಮೇಲೆ ದೊಡ್ಡ ಹಡಗು ಕಾಣಿಸಿಕೊಂಡಿತು. “ಎಳೀರಿ, ಎಳೀರಿ!” “ನೀವು ತಿರುಗಿಸಿ, ಎಡಕ್ಕೆ, ಎಡಕ್ಕೆ ಅಕ್ಕಾ!” ಮೇಡಂ ‘ಅಕ್ಕ’ ಆಗಿಬಿಟ್ಟರು! ಹಡಗು ಕಟ್ಟೆಗೆ ತಾಗಿ ನಿಂತಾಗ ಇಬ್ಬರೂ ಕೈ ಕೈ ಹಿಡಿದು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು.

ನಾನು ಅಡುಗೆ ಮನೆಯಲ್ಲಿ ಟೀ ಸೋಸುತ್ತ ಸಂತೋಷಪಟ್ಟೆ. ವಾರಕ್ಕೊಂದು ದಿನ ಮೇಡಂ ಬಂದರೆ ಬರಲಿ. ಹೆಂಡತಿ ಬಂದರಿನಲ್ಲಿ, ನಾನು ಸೋಫಾದಲ್ಲಿ. (ಸೋಫಾ ತುಂಬಿದೆ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.) ಅಷ್ಟರಲ್ಲಿ ನಡುಮನೆಯಿಂದ ಮಾತು ಕೇಳಿಸಿತು.

“ಶನಿವಾರ ಬನ್ನಿ ಅಕ್ಕ, ಬೆಳಗಿನಿಂದ ಆಡೋಣ. ಅಯ್ಯೋ, ಶನಿವಾರ ನಿಮಗೆ ಆಫೀಸ್ ಇರುತ್ತಲ್ಲ.”

“ಶನಿವಾರ ರಜೆ ಕಣಮ್ಮಾ ನಮಗೆ. ಯಾವಾಗಿನಿಂದಲೂ.”

ಸೋಸುವ ಜಾಲರಿ ನನ್ನ ಕೈಯಿಂದ ಜಾರಿತು.

“ರಜೆನಾ? ಇವರು ಪ್ರತಿ ಶನಿವಾರ ಊಟದ ಡಬ್ಬಿ ತಗೊಂಡು ಹೋಗ್ತಾರಲ್ಲ!”

ಆಟವನ್ನು ನಿಲ್ಲಿಸಿದ ಟಿಕ್ ಎಂಬ ಸದ್ದು.

“ಬಂದಾಗಿನಿಂದ ಕೇಳ್ಬೇಕು ಅಂತಿದ್ದೆ. ನಿಮ್ಮ ಬೆನ್ನು ಹೇಗಿದೆ?”

“ನನ್ನ ಬೆನ್ನಿಗೇನಾಗಿದೆ?”

ನಡುಮನೆಯಲ್ಲಿ ಒಬ್ಬ ಗಣಿತದ ಟೀಚರು ಮತ್ತು ಒಬ್ಬ ಮೀಟರ್ ಮೇಡಂ ಎರಡು ಕಡೆಯ ರೀಡಿಂಗುಗಳನ್ನು ತಾಳೆ ನೋಡುತ್ತಿದ್ದರು. ಹಿತ್ತಲ ಬಾಗಿಲಿನ ಕಡೆ ನೋಡಿದೆ. ಅದಕ್ಕೆ ಅಡ್ಡಲಾಗಿ, ನಾನೇ ಅಟ್ಟದಿಂದ ಇಳಿಸಿದ ಸಾಮಾನಿನ ರಾಶಿ.

“ರೀ!” ಎಂದಳು ಹೆಂಡತಿ.

“ಏನ್ರೀ!” ಎಂದರು ಮೇಡಂ.

ಎರಡು ‘ರೀ’ಗಳು ಒಟ್ಟಿಗೆ ಬಂದು ಬಡಿದರೆ ಮನುಷ್ಯ ಯಾವುದಕ್ಕೆ ಓಗೊಡಬೇಕು? ಟ್ರೇ ಹಿಡಿದುಕೊಂಡು ಹೋಗಿ ನಿಂತೆ. ಮೂರು ಲೋಟ ಇಟ್ಟುಕೊಂಡು ಹೋಗಿದ್ದೆ. ನನ್ನದನ್ನು ಯಾರೂ ತೆಗೆದುಕೋ ಎನ್ನಲಿಲ್ಲ. ವಿಚಾರಣೆಯ ವಿವರ ಬೇಡ. ವಾಚನಾಲಯದ ಹೆಸರು ಬಂದಾಗ ಹೆಂಡತಿ ಒಂದೇ ಮಾತು ಕೇಳಿದಳು: “ನಿದ್ದೆ ಮಾಡೋಕೆ ಅಷ್ಟು ದೂರ ಹೋಗ್ತಿದ್ರಾ?” ಅದರಲ್ಲಿ ಕೋಪಕ್ಕಿಂತ ಬೇಸರ ಹೆಚ್ಚಿತ್ತು.

ತೀರ್ಪು ಜಂಟಿಯಾಗಿ ಹೊರಬಿತ್ತು. ಪೆಟ್ಟಿಗೆಯನ್ನು ದಿನಾ ಹೊತ್ತು ತಿರುಗಿದರೆ ಕೈತಪ್ಪಿ ಬೀಳಬಹುದು. ಬಿದ್ದರೆ ಆ ಬಂದರನ್ನು ಮತ್ತೆ ಕೊಡುವವರು ಯಾರೂ ಇಲ್ಲ. ಆದ್ದರಿಂದ ಅದು ನಮ್ಮ ಮನೆಯಲ್ಲೇ ಇರತಕ್ಕದ್ದು. ಮೇಡಂ ದಿನಾ ಸಂಜೆ ಆಫೀಸಿನಿಂದ ನೇರವಾಗಿ ಇಲ್ಲಿಗೆ ಬರತಕ್ಕದ್ದು, ಬರುವಾಗ ತಮ್ಮ ಕಾರಿನಲ್ಲಿ ನನ್ನನ್ನೂ ಹಾಕಿಕೊಂಡು ತರತಕ್ಕದ್ದು. ಶನಿವಾರ ಬೆಳಗ್ಗೆಯೇ ಬರತಕ್ಕದ್ದು. ಯಾರ ಹೆಸರು ಹೇಳಿ ನಾನು ಇಷ್ಟು ಕಾಲ ಮನೆಯಿಂದ ಓಡುತ್ತಿದ್ದೆನೋ ಅವರೇ ಈಗ ಸೀಟ್‌ಬೆಲ್ಟು ಹಾಕಿಸಿ ನನ್ನನ್ನು ಮನೆಗೆ ತಲುಪಿಸುತ್ತಾರೆ.

ಆದರೂ ಆಸೆ ನೋಡಿ. ಅವರಿಬ್ಬರು ಆಡುವಾಗ ನಾನು ಮೂಲೆಯ ಕುರ್ಚಿಯಲ್ಲಾದರೂ ಪೇಪರು ಹಿಡಿದು ಕೂರಬಹುದು ಎಂದುಕೊಂಡಿದ್ದೆ. ಆದರೆ ಉತ್ತರದ ಕಟ್ಟೆಗೆ ಮಂಜು ಕವಿಯಿತು. ಮಂಜಿನಲ್ಲಿ ಹಡಗು ಬರಬೇಕಾದರೆ ಮೂರನೆಯವನೊಬ್ಬ ಬಂಡೆಯ ಮೇಲೆ ನಿಂತು ದೀಪ ಹಿಡಿಯಬೇಕಂತೆ. ಅವನಿಗೆ ನಡೆಯಲು ಬರುವುದಿಲ್ಲ, ಮಾತಾಡಲು ಬರುವುದಿಲ್ಲ. ಕಂಟ್ರೋಲರಿನ ಒಂದು ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಇರಬೇಕು. ಬಿಟ್ಟರೆ ದೀಪ ಆರಿ ಹಡಗು ಮುಳುಗುತ್ತದೆ. “ಈ ಕೆಲಸಕ್ಕೆ ನಿಮ್ಮವರೇ ಸರಿ” ಎಂದರು ಮೇಡಂ. ಹೆಂಡತಿ ಆ ದೀಪದವನಿಗೆ ಕನ್ನಡಕ ಹಾಕಿ, ಹೊಟ್ಟೆ ಸ್ವಲ್ಪ ಮುಂದೆ ಬರಿಸಿ, ನನ್ನ ಹಾಗೆಯೇ ಮಾಡಿದ್ದಾಳೆ. ಬಹಳ ಹೋಲುತ್ತಾನೆ.

ಹೀಗೆ ಈಗ ದಿನಾ ಸಂಜೆ ನಾನು ಬಂಡೆಯ ಮೇಲಿರುತ್ತೇನೆ. ನಿನ್ನೆ ಧೈರ್ಯ ಮಾಡಿ ಬಾಯಿಬಿಟ್ಟೆ.

“ಬಲಗೈ ಹೆಬ್ಬೆರಳು ತುಂಬಾ ನೋಯ್ತಿದೆ. ನಾಳೆ ಒಂದು ದಿನ ರಜೆ ಬೇಕಿತ್ತು.”

ಮೇಡಂ ಚುಕ್ಕಾಣಿ ಬಿಡದೆಯೇ ನನ್ನ ಹೆಂಡತಿಯ ಕಡೆ ತಿರುಗಿದರು. “ಏನಮ್ಮಾ, ನಿಜವಾಗಲೂ ನೋವಾ?”

ಹೆಂಡತಿ ನನ್ನ ಹೆಬ್ಬೆರಳನ್ನು ಹಿಡಿದು, ತಿರುಗಿಸಿ, ಮಡಿಸಿ, ಅಮುಕಿ ನೋಡಿದಳು. “ನೋವು ನಿಜ ಅಕ್ಕ. ಊದ್ಕೊಂಡಿದೆ.”

ನನ್ನ ಎದೆ ಅರಳಿತು. ಎಷ್ಟೋ ಕಾಲದ ಮೇಲೆ ನಾನು ಒಂದು ನಿಜ ಹೇಳಿದ್ದೆ, ಅದು ಎರಡೂ ಕಚೇರಿಗಳಲ್ಲಿ ದೃಢಪಟ್ಟಿತ್ತು!

“ಪಾಪ” ಎಂದರು ಮೇಡಂ.

“ಪಾಪ” ಎಂದಳು ಹೆಂಡತಿ. ಆಮೇಲೆ ಕಂಟ್ರೋಲರನ್ನು ನನ್ನ ಬಲಗೈಯಿಂದ ಮೆಲ್ಲಗೆ ಬಿಡಿಸಿ, ಎಡಗೈಯಲ್ಲಿ ಇಟ್ಟಳು. “ದೀಪ ಎತ್ತಿ, ಹಡಗು ಬಂತು.”